ದೋಣಿಯ ಮೇಲಿನ ಹೊಸ ಗೀರು

ಸುವಾ,
ನವೆಂಬರ್ ೯

ಇನೋಸಿ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಹೊಡೆದುಹಾಕಿದ್ದು ನಿನ್ನ ಕಣ್ಣಿಗೆ ಬಿದ್ದರೆ ಒಂದು ಕಷ್ಟ, ಬೀಳದಿದ್ದರೆ ಇನ್ನೊಂದು ಕಷ್ಟ ಅಂದುಕೊಂಡು ಹೊಸ ಹಾಳೆ ತೆಗೆದುಕೊಂಡೆ. ಅದಕ್ಕೇ ಬರೀ ಹೆಸರು. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ನಾನು ಕೊಟ್ಟುಬಂದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೋ, ಇಲ್ಲ ಅದರಲ್ಲೂ ಮೀನು ಹುರಿದು ಮುಗಿಸಿದರೋ?

ಹೋದ ಹಡಗಿಗೆ ನಿನ್ನ ಪತ್ರ ಬಂತು. “ಎಡಮಗ್ಗುಲಿನ ಗೀರು ಹಾಗೇ ಇದೆ. ನಿನ್ನ ಲೇಪ ಕೆಲಸ ಮಾಡ್ತಿಲ್ಲ. ಬಂದು ನೋಡು.” ಇಷ್ಟೇ. ಇದಕ್ಕೆ ಪತ್ರ ಅನ್ನುವುದಿಲ್ಲ, ದೂರು ಅನ್ನುತ್ತಾರೆ. ನಾನು ಮನೆ ಬಿಟ್ಟು ಬಂದ ಮೇಲೆ ನೀನು ಬರೆದದ್ದೆಲ್ಲ ಈ ಒಂದೇ ದೂರು. ಹೇಗಿದ್ದೀಯ ಎಂದು ಒಂದು ಸಲವಾದರೂ ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆದರೂ ನಾನು ಪ್ರತಿ ಸಲ ಬಂದೆ. ಹಡಗಿನಲ್ಲಿ ವಾಂತಿ ಮಾಡಿಕೊಂಡು, ಹಂದಿಮರಿಗಳ ಪಕ್ಕ ಚಾಪೆ ಹಾಸಿಕೊಂಡು, ನಿಮ್ಮ ಫುಲಾಂಗಾ ದ್ವೀಪ ಕಾಣಿಸುವವರೆಗೂ ನಿದ್ದೆಯಿಲ್ಲದೆ ಬಂದೆ. ನನ್ನ ಪ್ರಯೋಗಾಲಯದವರು ಲೇಪ ಬಳಿದ ದೋಣಿ ನೋಡಿ ಬಾ ಎಂದು ಕಳಿಸುತ್ತಿದ್ದರು. ನಾನು ದೋಣಿ ನೋಡಿಕೊಂಡು ಹೋಗುತ್ತಿದ್ದೆ. ನೀನು ನಿಮ್ಮಮ್ಮನ ಮನೆಯನ್ನು ನನಗೆ ಬಿಟ್ಟುಕೊಟ್ಟು, ದೋಣಿಯ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೆ. ಮಾತೆಲ್ಲ ಲೇಪದ ಬಗ್ಗೆಯೇ. ನೀನು ಒಂದೇ ಒಂದು ಸಲ ನಕ್ಕಿದ್ದೆ, ಡಬ್ಬಿಯ ಮೇಲೆ ‘ಉತೊ ಏಳು’ ಎಂದು ಬರೆದಿದ್ದನ್ನು ಓದಿ. ದೀವಿಹಲಸಿನ ಮೇಣವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ, ಸೋಸಿ, ಏಳನೆಯ ಸಲಕ್ಕೆ ಹದ ಸಿಕ್ಕಿತ್ತು, ಅದಕ್ಕೆ ಆ ಹೆಸರು. ದೀವಿಹಲಸೂ ಉತೊ, ಎದೆಗುಂಡಿಗೆಯೂ ಉತೊ ಅನ್ನುವ ನಮ್ಮ ಭಾಷೆಯಲ್ಲಿ ನಿನಗೆ ಇನ್ನೇನು ಬೇಕಿತ್ತು? “ಎದೆಗೂ ನಂಬರ್ ಹಾಕ್ಬಿಟ್ಟೆಯಲ್ಲೇ, ಮೊದಲಿನ ಆರು ಏನಾದ್ವು?” ಎಂದು ಕೇಳಿದೆ. ಆ ನಗು ನೋಡಿ ನಾನು ಸಮುದ್ರದ ಕಡೆ ತಿರುಗಿ ನಿಂತೆ. ಕಣ್ಣಿಗೆ ಮರಳು ಬಿತ್ತು ಎಂದು ಸುಳ್ಳು ಹೇಳಿದೆ.

ಈಗ ಗೀರಿನ ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ಬಂದಾಗ ನೀನು ಬಲೆ ಎಳೆಯಲು ಹೋಗಿದ್ದೆ. ನಾನು ಮಂಡಿಯೂರಿ ಕೂತು ದೋಣಿಯ ಮಗ್ಗುಲನ್ನು ಓರೆಬೆಳಕಿನಲ್ಲಿ ನೋಡಿದೆ. ಪರೀಕ್ಷೆಗೆಂದು ನಾನೇ ಚಾಕುವಿನಲ್ಲಿ ಎಳೆದಿದ್ದ ಗೀರು ಕೂಡಿಕೊಂಡಿತ್ತು. ಬೆರಳಾಡಿಸಿದರೂ ತಿಳಿಯದ ಹಾಗೆ, ಕೂದಲೆಳೆಯಷ್ಟು ಗುರುತು ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ ಹೊಸ ಗೀರು. ಗೀರಲ್ಲ, ಹಳ್ಳ. ಅಂಚಿಗೆ ಅಂಚು ತಾಗುತ್ತಿದ್ದರೆ ಬಿಸಿಲಿಗೆ ಲೇಪ ಮೆತ್ತಗಾಗಿ ತಾನೇ ಬೆಸೆದುಕೊಳ್ಳುತ್ತದೆ, ಚಕ್ಕೆಯೇ ಎದ್ದುಹೋದರೆ ಏನೂ ಮಾಡಲಾಗುವುದಿಲ್ಲ ಎಂದು ನಿನಗೆ ಹೇಳಿಕೊಟ್ಟವಳು ನಾನೇ ತಾನೆ? ಒಳ್ಳೆಯ ಶಿಷ್ಯ ಸಿಕ್ಕಿದ್ದ ನನಗೆ. ಚಕ್ಕೆ ಇನ್ನೂ ಕೆಳಗೆ ಮರಳಿನ ಮೇಲೇ ಬಿದ್ದಿತ್ತು. ಉಳಿಯ ಏಟು ಎಡಗೈಯವನದ್ದು. ಫುಲಾಂಗಾದಲ್ಲಿ ಎಡಗೈಯಲ್ಲಿ ಉಳಿ ಹಿಡಿಯುವವರು ಇನ್ಯಾರಿದ್ದಾರೆ, ನೀನೇ ಹೇಳು.

ನನಗೆ ಮೊದಲು ಸಿಟ್ಟು ಬಂತು. ನನ್ನ ಇಷ್ಟು ವರ್ಷದ ಕೆಲಸವನ್ನು ಸುಳ್ಳು ಮಾಡಲು ಹೊರಟಿದ್ದಾನೆ ಅಂದುಕೊಂಡೆ. ಅಡುಗೆಮನೆಗೆ ಹೋಗಿ ನಿನ್ನ ಅಮ್ಮನ ಮುಂದೆ ಕೂಗಾಡಿದೆ. ಅವರು ಗೆಣಸಿನ ಸಿಪ್ಪೆ ತೆಗೆಯುತ್ತ, ತಲೆ ಎತ್ತದೆ ಹೇಳಿದರು: “ನೀನು ಬರೋ ಸುದ್ದಿ ಬಂದ್ರೆ ಸಾಕು ಮಗಳೇ, ಇವನು ಉಳಿ ಮಸೀತಾ ಕೂತ್ಕೋತಾನೆ. ಹೋದ್ಮೇಲೆ ಆ ದೋಣಿ ಮೈ ಸವರ್ತಾ ಕೂತ್ಕೋತಾನೆ. ನಂಗಂತೂ ನೋಡಿ ನೋಡಿ ಸಾಕಾಗಿದೆ.”

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ವೇಸಿಯಂಥ ಗಟ್ಟಿ ಮರ ಕಡಿದು, ಮಳೆಗಾಲವೆಲ್ಲ ಕೂತು ನೀನೇ ಕೆತ್ತಿದ ದೋಣಿ ಅದು. ಅದಕ್ಕೆ ಬೇರೆಯವರ ದೋಣಿ ತಾಗಿದರೂ ಊಟ ಬಿಡುತ್ತಿದ್ದವನು ನೀನು. ನನ್ನನ್ನು ಕರೆಸಿಕೊಳ್ಳಲು ಅದನ್ನೇ ಕೆತ್ತಿದೆಯಾ? ಬಾಯಿಬಿಟ್ಟು ಬಾ ಅಂದಿದ್ದರೆ ಆಗುತ್ತಿರಲಿಲ್ಲವೇ?

ಆಗುತ್ತಿರಲಿಲ್ಲ, ನನಗೂ ಗೊತ್ತು. ನಾನು ಮನೆ ಬಿಟ್ಟದ್ದು ನಿನ್ನ ಒಂದು ಮಾತಿಗೆ, ಅದೂ ನಾವಿಬ್ಬರೇ ಇದ್ದಾಗ ಆಡಿದ್ದಲ್ಲ. ಕಾವಾ ಕುಡಿಯಲು ಬಟ್ಟಲಿನ ಸುತ್ತ ಹಿರಿಯರೆಲ್ಲ ಕೂತಿದ್ದಾಗ, ಯಾರೋ ನನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆ, “ಮಡಿಲು ತುಂಬದೋಳು ಡಬ್ಬಿ ತುಂಬಿಸ್ತಾ ಇದ್ದಾಳೆ” ಅಂದೆ. ಎಲ್ಲರೂ ನಕ್ಕರು. ನಾನು ಬಾಗಿಲ ಹೊರಗೇ ಇದ್ದೆ. ಒಂದು ಮಗುವಿಗಾಗಿ ನಾವಿಬ್ಬರೂ ಎಷ್ಟು ಕಾದಿದ್ದೆವು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಹಾಗಾಗಿ ಇಲ್ಲಿ ಅಪ್ಪ ಹಟ ಹಿಡಿದಿದ್ದಾರೆ. ನಿನ್ನ ಪತ್ರ ಬಂದಾಗಲೆಲ್ಲ ಒಂದೇ ಮಾತು: “ಅಂದಿದ್ದು ಊರ ಮುಂದೆ. ಊರವರನ್ನ ಕರ್ಕೊಂಡು ಬಂದು, ಪದ್ಧತಿ ಪ್ರಕಾರ ತಿಮಿಂಗಿಲದ ಹಲ್ಲು ನನ್ನ ಮುಂದಿಟ್ಟು, ತಪ್ಪಾಯ್ತು ಅನ್ಲಿ. ಬರೀ ಕೈಯಲ್ಲಿ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ.” ತಮ್ಮ ತಾನಿಯೆಲಾ ಮಾತ್ರ ನಿನ್ನ ಕಡೆ. “ಭಾವನ ಬಾಯಿಗೊಂದು ಕೈ ಲೇಪ ಬಳಿದು ಬಾರೇ ಅಕ್ಕಾ, ಸರಿಹೋಗ್ತಾನೆ” ಅನ್ನುತ್ತಾನೆ. ಅಪ್ಪ ಗದರಿಸುತ್ತಾರೆ. ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ನಿನಗೆ ಹಲ್ಲು ತರಲು ಮನಸ್ಸಿಲ್ಲ ಎಂದೇ ನಾನು ಆಗಸ್ಟಿನವರೆಗೂ ತಿಳಿದಿದ್ದೆ. ಅದೇ ದಿನ ಅಡುಗೆಮನೆಯಲ್ಲಿ ನಿನ್ನ ಅಮ್ಮ ಇನ್ನೊಂದು ಮಾತೂ ಹೇಳಿದರು. ಮನೆಯಲ್ಲಿದ್ದ ಕೊನೆಯ ಹಲ್ಲು ನಿನ್ನ ಅಪ್ಪನ ಸಾವಿನ ಶಾಸ್ತ್ರಕ್ಕೆ ಹೋಯಿತಂತೆ. “ಇನ್ನೊಬ್ಬರ ಬಾಗಿಲಿಗೆ ಹೋಗಿ ಹಲ್ಲು ಕೇಳೋ ಜಾಯಮಾನ ಅಲ್ಲ ಅವನದು” ಅಂದರು. ಇದನ್ನು ನನಗೆ ಹೇಳಲು ನಿನಗೇನಾಗಿತ್ತು ಧಾಡಿ? ನಾನೇನು ಹೊರಗಿನವಳೇ?

ಅಂಚಿಗೆ ಅಂಚು ತಾಗಬೇಕು ಅನ್ನುವ ಮಾತನ್ನು ನಮ್ಮಿಬ್ಬರಿಗೆ ಹೋಲಿಸಿ ಏನೋ ಬರೆದೆ. ಓದಿಕೊಂಡಾಗ ಚರ್ಚಿನ ಉಪದೇಶದ ಹಾಗೆ ಕೇಳಿಸಿತು, ಬಿಟ್ಟುಬಿಟ್ಟೆ. ನೇರವಾಗಿಯೇ ಹೇಳುತ್ತೇನೆ. ನನಗೆ ನೀನು ಬೇಕು. ಮಾರ್ಕೆಟ್ಟಿನಲ್ಲಿ ಈಗಲೂ ಕೈ ತಾನಾಗಿ ಇಬ್ಬರಿಗಾಗುವಷ್ಟು ಮರಗೆಣಸು ಆರಿಸುತ್ತದೆ. ಬಸ್ಸಿನಲ್ಲಿ ಬಡಗಿಯೊಬ್ಬ ಪಕ್ಕ ಕೂತರೆ, ಅವನ ಅಂಗಿಯ ಮರದ ಪುಡಿಯ ವಾಸನೆಗೆ ಇಳಿಯುವ ಜಾಗ ಮರೆತು ಮುಂದೆ ಹೋಗಿಬಿಡುತ್ತೇನೆ. ಭಾನುವಾರ ಇಲ್ಲಿನ ಚರ್ಚಿನಲ್ಲಿ ಎಲ್ಲರೂ ಚೆನ್ನಾಗಿ ಹಾಡುತ್ತಾರೆ. ನಿನ್ನ ಹಾಗೆ ಶ್ರುತಿ ತಪ್ಪಿ, ಧೈರ್ಯವಾಗಿ, ಎಲ್ಲರಿಗಿಂತ ಜೋರಾಗಿ ಹಾಡುವವರು ಒಬ್ಬರೂ ಇಲ್ಲ. ನನಗೆ ಅಲ್ಲಿ ಪ್ರಾರ್ಥನೆ ಹತ್ತುವುದೇ ಇಲ್ಲ.

ಇನ್ನು ಕೆಲಸದ ಮಾತು. ಆಗಸ್ಟಿನಿಂದ ಸಬೂಬು ಹೇಳಿಕೊಂಡು ತಡೆಹಿಡಿದಿದ್ದ ವರದಿಯನ್ನು ಮೊನ್ನೆ ಕೊಟ್ಟೆ. ಇದ್ದದ್ದನ್ನೇ ಬರೆದೆ: ಲೇಪ ಕೂಡಿಕೊಳ್ಳುತ್ತದೆ, ಬಿಸಿಲು ಉಪ್ಪು ಎರಡನ್ನೂ ತಡೆಯುತ್ತದೆ. ನಿನ್ನ ಉಳಿಯ ವಿಷಯ ಬರೆಯಲಿಲ್ಲ, ಅದು ನಮ್ಮ ಮನೆಯ ವಿಷಯ. ಪರೀಕ್ಷೆ ಮುಗಿಯಿತು. ಇನ್ನು ಮೇಲೆ ನೀನು ದೋಣಿಯನ್ನು ಸೀಳಿ ಎರಡು ಹೋಳು ಮಾಡಿದರೂ ನನ್ನನ್ನು ಫುಲಾಂಗಾಕ್ಕೆ ಯಾರೂ ಕಳಿಸುವುದಿಲ್ಲ. ಲೇಪವನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಆಕ್ಲೆಂಡಿಗೆ ಬಾ ಅನ್ನುತ್ತಿದ್ದಾರೆ. ಮೂರು ವರ್ಷದ ಕೆಲಸ. ಕ್ರಿಸ್‌ಮಸ್‌ಗೆ ಮುಂಚೆ ಹೂಂ ಅಥವಾ ಊಹೂಂ ಅನ್ನಬೇಕು.

ನೀನು ಬರದಿದ್ದರೆ ಹೂಂ ಅನ್ನುತ್ತೇನೆ. ಬೆದರಿಕೆ ಅಂದುಕೊಳ್ಳಬೇಡ. ಎರಡು ವರ್ಷ ಹಡಗು ಕಾದಿದ್ದೇನೆ, ಇನ್ನು ನನ್ನಿಂದ ಆಗುವುದಿಲ್ಲ. ನೀನು ಬಂದರೆ ಮಾತ್ರ ಒಂದು ಷರತ್ತಿದೆ: ನಾನು ಮೇಣ ಕಾಯಿಸುವುದನ್ನು ಬಿಡುವುದಿಲ್ಲ. ಫುಲಾಂಗಾದಲ್ಲೂ ದೀವಿಹಲಸಿನ ಮರಗಳಿವೆ. ಒಲೆ ಹಾಕಿಕೊಡಲು ನಿನಗೆ ಬರುತ್ತದೆ.

ಇನ್ನೂ ನಿನ್ನವಳೇ ಆಗಿರುವ,
ಕೆಲೆರಾ

ತಾ.ಕ.: ಇದೇ ಹಡಗಿನಲ್ಲಿ ‘ಉತೊ ಏಳು’ ಎಂದು ಬರೆದ ಡಬ್ಬಿಯೊಂದು ಬರುತ್ತಿದೆ. ಕುಂಚ ತರಬೇಡ, ಅದರಲ್ಲಿ ಲೇಪ ಇಲ್ಲ. ಬಟ್ಟೆಯಲ್ಲಿ ಸುತ್ತಿದ ತಿಮಿಂಗಿಲದ ಹಲ್ಲಿದೆ, ನನ್ನ ಅಜ್ಜಿಯ ಕಾಲದ್ದು. ಅದನ್ನೇ ತಂದು ಅಪ್ಪನ ಮುಂದೆ ಇಡು. ಅವರು ಗುರುತು ಹಿಡಿದುಬಿಟ್ಟರೆ ಏನು ಗತಿ ಎಂದು ಹೆದರಬೇಡ. ನಾನು ಕೇಳಿರಲಿಲ್ಲ, ಪೆಟ್ಟಿಗೆಯಿಂದ ತೆಗೆದು ನನ್ನ ಕೈಯಲ್ಲಿಟ್ಟವರು ಅವರೇ.