ಒಗ್ಗಿಕೊಳ್ಳುತ್ತದೆ

ಬುಧವಾರ, ಮಧ್ಯಾಹ್ನ

ಮುದ್ದು ತಂಗೀ,

ಮೊದಲು ಆ ಲೋಷನ್ ಹಚ್ಚುವುದನ್ನು ನಿಲ್ಲಿಸು. ಪಾಪುವನ್ನು ಮಕ್ಕಳ ಡಾಕ್ಟರಿಗೆ ತೋರಿಸು. ಮಿಕ್ಕದ್ದನ್ನು ಆಮೇಲೆ ಓದಿದರೂ ಆದೀತು.

ನಿನ್ನೆ ಅವನ ಬೆನ್ನಿನ ಫೋಟೋ ಕಳಿಸಿ, ಒಗ್ಗಿಕೊಳ್ತಾ ಇದೆ ಅನ್ಸುತ್ತೆ ಕಣೇ ಅಕ್ಕ, ನೀನು ಬರೆದ ಹಾಗೇ, ಅಂದೆಯಲ್ಲ, ಓದಿದವಳೇ ಬ್ಲಾಗ್ ತೆಗೆದು ನೋಡಿದೆ. ಒಗ್ಗಿಕೊಳ್ಳುತ್ತೆ ಅನ್ನುವ ಆ ಸಾಲು ಅಲ್ಲಿದೆ, ನನ್ನ ಹೆಸರಿನ ಕೆಳಗೇ ಇದೆ. ಆದರೆ ಮಾತು ನನ್ನದಲ್ಲ.

ಆ ಲೋಷನ್ ಕಂಪನಿಯ ಸಾರ್ವಜನಿಕ ಸಂಪರ್ಕ ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಬಳಸಿ ಬರೆಯಿರಿ ಅಂತ ಬಾಟಲಿ ಕಳಿಸುವುದಕ್ಕೆ ಎಷ್ಟೋ ಮುಂಚೆಯೇ ನನ್ನ ಬ್ಲಾಗನ್ನು ಮೊದಲಿನಿಂದ ಓದಿ, ನನ್ನ ಮಗಳು ಚಿನಕುರುಳಿಗೆ ಹಲ್ಲು ಬಂದದ್ದನ್ನೂ ನೆನಪಿಟ್ಟುಕೊಂಡಿದ್ದಳು. ದಿನಾ ಬೆಳಗ್ಗೆ, ನಿದ್ದೆ ಆಯ್ತಾ ಅಕ್ಕ, ಅಂತ ಮೆಸೇಜು. ಈ ಮನೆಯಲ್ಲಿ ನನ್ನನ್ನು ಹಾಗೆ ಕೇಳುವವರು ಯಾರಿದ್ದಾರೆ ಹೇಳು. ನಿನ್ನ ಭಾವನ ಹತ್ತಿರ ಗೋಳು ತೋಡಿಕೊಂಡರೆ, ನಿದ್ದೆ ಬರದಿದ್ರೆ ಬ್ಲಾಗ್ ಬರೀ, ಓದೋರಿಗಾದ್ರೂ ಬರುತ್ತೆ, ಅಂದರು.

ಲೋಷನ್ ಹಚ್ಚಿದ ಮೇಲೆ ಚಿನಕುರುಳಿಯ ಮೈಮೇಲೆ ಗುಳ್ಳೆ ಎದ್ದವು. ನಿಲ್ಲಿಸಿದೆ. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಬ್ಲಾಗಿಗೆ ಹಾಕುವ ಮುಂಚೆ ಒಮ್ಮೆ ಆ ಹುಡುಗಿಗೆ ತೋರಿಸೋಣ ಅನ್ನಿಸಿತು. ತೋರಿಸು ಅಂತ ಅವಳೇನೂ ಕೇಳಿರಲಿಲ್ಲ. ಓದಿ ಹೊಗಳಿದಳು. ಅಭಿಪ್ರಾಯ ನಿಮ್ಮದೇ ಅಕ್ಕ, ನಾವು ಕೈ ಹಾಕೋದಿಲ್ಲ, ಆದ್ರೆ ಗುಳ್ಳೆ ಅನ್ನೋದು ಒಂಚೂರು ಒರಟಾಯ್ತು, ಹೊಸ ತಾಯಂದಿರು ಹೆದರಿಬಿಡ್ತಾರೆ, 'ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕು' ಅಂದ್ರೆ ಹೇಗೆ, ಅಂದಳು.

ಹೆದರಿಕೆ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಬದಲಾಯಿಸಿದೆ. ಆಮೇಲೆ, ನಾನು ಲೋಷನ್ ನಿಲ್ಲಿಸಿದೆ ಅನ್ನುವ ಸಾಲು ಆ ಮಾತಿನ ಪಕ್ಕದಲ್ಲಿ ಹೊಂದಿಕೊಳ್ಳಲಿಲ್ಲ. ಅದನ್ನು ಅಳಿಸಿದವಳು ಅವಳಲ್ಲ, ನಾನೇ.

ಭಾಷೆ ಓದಿ ಡಿಗ್ರಿ ತಗೊಂಡವಳು ನಾನು. ಅವಳು ಸುಳ್ಳು ಹೇಳು ಅಂದಿದ್ದರೆ ಉಗಿದು ಕಳಿಸುತ್ತಿದ್ದೆ. ಒಂದು ಪದ ಮೆತ್ತಗೆ ಮಾಡಿ ಅಂದಳು, ಅದಕ್ಕೆ ಕರಗಿಹೋದೆ.

ನೀನು ಅದನ್ನು ಓದಿ ಲೋಷನ್ ಕೊಳ್ಳುತ್ತೀಯ ಅಂತ ಗೊತ್ತೇ ಇರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳಾಗುತ್ತದೆ. ನೀನು ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ, ಹೌದಾ, ಅಂದು ಮಾತು ತಿರುಗಿಸಿದವಳೂ ನಾನೇ. ಬಾಯಿಗೆ ಬಂದ ಹಾಗೆ ಬೈ. ಸುಮ್ಮನೆ ಮಾತ್ರ ಇರಬೇಡ.

ಇನ್ನೂ ನಿನ್ನ ಅಕ್ಕ ಅನ್ನಿಸಿಕೊಳ್ಳಬೇಕೆಂದಿರುವ,
ಅಕ್ಕ

ತಾ.ಕ.: ಬ್ಲಾಗಿನಲ್ಲಿ ಆ ಸಾಲು ಹಾಗೇ ಇದೆ. ಅದರ ಕೆಳಗೆ ಯಾರೋ ಒಬ್ಬ ತಾಯಿ, ನನ್ನ ಮಗೂಗೂ ಹಾಗೇ ಆಗಿದೆ, ಎಷ್ಟು ದಿನಕ್ಕೆ ಒಗ್ಗುತ್ತೆ ಮೇಡಂ, ಅಂತ ಕೇಳಿದ್ದಾಳೆ. ಅವಳಿಗೆ ಉತ್ತರ ಬರೆಯಲು ಕೂತವಳು ಅದನ್ನು ಬಿಟ್ಟು ನಿನಗೆ ಬರೆದೆ. ನೀನಾದರೆ ಯಾರಿಗೂ ಹೇಳುವವಳಲ್ಲ.