ಮಗಳ ಸ್ಕೂಟರಿನ ಮೀಟರ್

ಮೇ 27, ಸೋಮವಾರ

ಏಳನೇ ನಂಬರ್ ಬಸ್ಸಿನ ಬ್ರೇಕ್ ಲೈನಿಂಗ್ ಪೂರ್ತಿ ಸವೆದಿದೆ. ತಿಳಿಸಿದ್ದು ಕಂಡಕ್ಟರ್. ಡ್ರೈವರ್ ನೋಡಿಯೇ ಇಲ್ಲ — ತಪಾಸಣೆ ಹಾಳೆಗೆ ಸಹಿ ಮಾತ್ರ ಠೀವಿಯಿಂದ ಗೀಚಿದ್ದ. ಡಿಪೋ ಪೂರ್ತಿ ಕೇಳುವಂತೆ ಬೈದೆ. "ನೋಡದೆ ಸಹಿ ಹಾಕೋಕೆ ನೀನೇನು ಸಿನಿಮಾ ಸ್ಟಾರಾ?" ಹಲ್ಲು ಕಿರಿದ. ಮೆಮೊ ಕೊಟ್ಟೆ.

ಮನೆಗೆ ಬಂದಾಗಲೂ ತಲೆ ಸಿಡಿಯುತ್ತಿತ್ತು. ಮಗಳು ಎರಡು ಹಾಳೆ ತಂದಳು. ಕಾಲೇಜಿನದಂತೆ. ಸಹಿ ಹಾಕಿ ಕಳಿಸಿದೆ.

ಜೂನ್ 8, ಶನಿವಾರ

ಮಗಳ ಸ್ಕೂಟರ್ ಈ ವಾರ ನೂರ ನಲವತ್ತೆಂಟು ಕಿ.ಮೀ. ತೋರಿಸುತ್ತಿದೆ. ಬಳಸುವುದು ಬೆಳಗಿನ ಟ್ಯೂಷನ್ನಿಗೆ ಮಾತ್ರ. ಹೋಗಿ ಬರಲು ಆರು, ವಾರಕ್ಕೆ ಮೂವತ್ತಾರು. ಇಪ್ಪತ್ತೆರಡು ವರ್ಷ ಬಸ್ ತಪಾಸಣೆ ಮಾಡಿದ ಕೈ, ದಿನಾ ಮೀಟರ್ ಬರೆಯದಿದ್ದರೆ ಊಟ ಸೇರದು. ಮೀಟರಿನ ಕೇಬಲ್ ಕೆಟ್ಟಿರಬೇಕು. ನಾಳೆ ಬದಲಾಯಿಸುವುದು.

ಜೂನ್ 13, ಗುರುವಾರ

ಕೇಬಲ್ ಬದಲಾದರೂ ಅದೇ ಕಥೆ. ಇವತ್ತು ಮೀಟರನ್ನೇ ಹೊಸದು ಹಾಕಿಸಿದೆ. ಗ್ಯಾರೇಜಿನವನಿಗೆ ಬಾಯಿ ಸುಮ್ಮನಿರದು.

"ಮೀಟರ್ ತಾನಾಗೇ ಓಡಲ್ಲ ಸಾರ್. ಗಾಡಿ ಓಡಿದ್ರೆ ಓಡತ್ತೆ. ಮನೇಲಿ ಕೇಳಿ ನೋಡಿ."

"ನಂಗೇ ಪಾಠ ಹೇಳ್ತೀಯಾ? ನೀನು ಸ್ಪ್ಯಾನರ್ ಹಿಡಿಯೋಕೆ ಮುಂಚೆ ನಾನು ಬಸ್ ಬಿಚ್ಚಿದೀನಿ."

ಹಿಂದಿನ ಟೈರ್ ಒಂದು ಪಕ್ಕ ಮಾತ್ರ ಸವೆದಿದೆ ಎಂದೂ ಹೇಳಿದ. ರಸ್ತೆಯೇ ಸರಿಯಿಲ್ಲ. ಪಾಲಿಕೆಗೆ ಪತ್ರ ಬರೆಯಬೇಕು.

ಜೂನ್ 25, ಮಂಗಳವಾರ

ಹೆಂಡತಿಯದು ಹೊಸ ರಾಗ.

"ರೀ, ಈ ಸೆಖೇಲೂ ಅವಳು ತುಂಬು ತೋಳಿನ ಅಂಗೀನೇ ಹಾಕ್ತಾಳೆ. ಊಟಕ್ಕೂ ರೂಮಿಂದ ಬರಲ್ಲ. ಒಂದ್ಸಲ ಕೂರಿಸಿ ಕೇಳಿ."

"ನೀನೇ ಕೇಳು."

"ಕೇಳ್ದೆ. ನನ್ ಮೇಲೇ ಹರಿಹಾಯ್ದಳು."

ಪರೀಕ್ಷೆ ವರ್ಷ, ಹಾಗೇ ಇರುತ್ತಾರೆ ಎಂದೆ. ಮಾತು ಏರಿತು... ನಾನೇ ಏರಿಸಿದ್ದು. ಹೊಸ ಮೀಟರೂ ಸರಿಯಿಲ್ಲ. ಕಂಪನಿಗೆ ದೂರು ಬರೆದೆ.

ಜುಲೈ 10, ಬುಧವಾರ, ಬೆಳಿಗ್ಗೆ 11, ಆಸ್ಪತ್ರೆ

ಮಗಳ ಕಾಲರ್ ಬೋನ್ ಮುರಿದಿದೆ. ತಿಳಿಸಿದ್ದು ಟ್ರಾಫಿಕ್ ಪೊಲೀಸ್. ಆರೂ ಹತ್ತಕ್ಕೆ, ಊರ ಹೊರಗಿನ ಬೈಪಾಸಿನಲ್ಲಿ. ಐದು ಸ್ಕೂಟರ್, ರೇಸ್. ಮಗಳ ಹಿಂದೆ ಕೂತು ವಿಡಿಯೊ ಮಾಡುತ್ತಿದ್ದ ಗೆಳತಿಯ ತಲೆಗೆ ಎಂಟು ಹೊಲಿಗೆ. ಇನ್ನೂ ಎಚ್ಚರವಿಲ್ಲ.

ನರ್ಸ್ ಮಗಳ ಅಂಗಿಯ ತೋಳು ಕತ್ತರಿಸಿದಳು. ಮೊಣಕೈವರೆಗೆ ತರಚು ಗಾಯ. ಕೆಲವು ಹಳೆಯವು.

ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿ ಕೂಗಾಡಿದೆ. "ಮೇ ಕೊನೇಲೇ ಬಿಡಿಸಿದ್ರಲ್ಲ ಸಾರ್. ನಿಮ್ಮ ಪತ್ರ ಇದೆ." ಫೋಟೊ ಕಳಿಸಿದರು. ನನ್ನದೇ ಸಹಿ. ಮೇ 27.

ಜುಲೈ 11, ಗುರುವಾರ

ಅವತ್ತು ಸಹಿ ಹಾಕಿದ ಇನ್ನೊಂದು ಹಾಳೆಯನ್ನು ಹೆಂಡತಿ ಕಾಲೇಜಿನಿಂದ ತಂದಳು. ‘ಪೋಷಕರು ಗಮನಿಸಬೇಕಾದ ಬದಲಾವಣೆಗಳು.’ ಗಾಯ ಮುಚ್ಚುವ ಬಟ್ಟೆ. ಜೊತೆಯಲ್ಲಿ ಊಟ ತಪ್ಪಿಸುವುದು. ಹೇಳಿದ ಜಾಗಕ್ಕೂ ಹೋದ ದೂರಕ್ಕೂ ತಾಳೆಯಾಗದಿರುವುದು. ಗದರಿಸುವ ಮೊದಲು ಕೇಳಿ ಎಂದೂ ಇದೆ. ಕೊನೆಯಲ್ಲಿ ‘ಓದಿದ್ದೇನೆ’. ಅದರ ಕೆಳಗೆ ನನ್ನ ಸಹಿ, ಠೀವಿಯಿಂದ.

ಬೈಯಲೆಂದೇ ವಾರ್ಡಿಗೆ ನುಗ್ಗಿದೆ. "ಯಾರು ಕಲಿಸಿದ್ದು ನಿಂಗೆ ಇದನ್ನ?"

ಮಗಳು ಗೋಡೆ ನೋಡುತ್ತಲೇ ಹೇಳಿದಳು. "ಕೇಬಲ್ ಬದಲಾಯಿಸ್ದಾಗ ನಿಂಗೆ ಗೊತ್ತಾಯ್ತು ಅಂದ್ಕೊಂಡೆ ಅಪ್ಪ. ಮೀಟರ್ ಬದಲಾಯಿಸ್ದಾಗ ಈಗ ಕೇಳ್ತೀಯ ಅಂತ ಇಡೀ ದಿನ ಕಾದೆ. ಕೇಳಿದ್ರೆ ಹೇಳ್ಬಿಡ್ತಿದ್ದೆ."

ಸಿಟ್ಟು ಇದ್ದಲ್ಲೇ ಇದೆ. ಯಾರ ಮೇಲೆ...

ಜುಲೈ 13, ಶನಿವಾರ

ಗೆಳತಿಗೆ ಎಚ್ಚರವಾಯಿತು. ಅವಳಪ್ಪ ಬಾಗಿಲಲ್ಲೇ ತಡೆದರು. "ಗಾಡಿ ದಿನಾ ಅಷ್ಟು ದೂರ ಹೋಗ್ತಿತ್ತು. ನಿಮ್ಗೆ ಗೊತ್ತೇ ಆಗ್ಲಿಲ್ವಾ?" ಗೊತ್ತಿತ್ತು, ಅಂಕಿ ಸಮೇತ.

ಏಳನೇ ನಂಬರ್ ಡ್ರೈವರ್ ಹಣ್ಣು ತಂದಿದ್ದ. ಮೆಮೊ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಬೈಯಬಹುದಿತ್ತು.

ಕಾಲೇಜಿನ ಕೌನ್ಸೆಲರ್ ಫಾರ್ಮ್ ಕೊಟ್ಟಿದ್ದಾರೆ. ನಾಲ್ಕು ಪುಟ. ಮೂರು ಓದಿದೆ. ಸಹಿ ಹಾಕಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂವರೂ ಅವರ ಹತ್ತಿರ ಹೋಗಬೇಕು. ಮಗಳು ಮಾತಾಡುತ್ತಾಳೆ. ನಾನು ನಡುವೆ ಬಾಯಿ ಹಾಕುವಂತಿಲ್ಲ.