ಗುಡ್ಡಕ್ಕೆ ಏನು ಹಾಕಿಕೊಳ್ಳಲಿ?

ಬೆರ್ಗೆನ್, ಮಂಗಳವಾರ

ಸುನ್ನಿವಾ ಮಗಳೇ,

ನಿಮ್ಮಮ್ಮ ಇದ್ದಷ್ಟು ದಿನ ನಿನ್ನ ಜೊತೆ ಗುಡ್ಡ ಹತ್ತಿದವಳು ಅವಳು. ನಾನು ಕೆಳಗೆ ಕಾರಿನಲ್ಲಿ ಕಾಫಿ ಕುಡಿಯುತ್ತಾ ಕೂತವನು. ಈಗ ನನ್ನನ್ನು ಗುಡ್ಡಕ್ಕೆ ಕರೆದಿದ್ದೀಯ, ಏನು ಹಾಕಿಕೊಳ್ಳಬೇಕು ಅಂತ ನನಗೇನು ಗೊತ್ತಾಗಬೇಕು?

ಹತ್ತಿ ಬೇಡ, ನೆಂದರೆ ಒಣಗಲ್ಲ, ತೆಳ್ಳನೆಯ ಉಣ್ಣೆ ಅಂಗಿ ಹಾಕ್ಕೋ ಅಂತ ನೀನು ಅಂದೆ. ಕೊಂಡೆ. ಬಿಸಿನೀರಲ್ಲಿ ಒಗೆದೆ. ಈಗ ಅದನ್ನು ಗೊಂಬೆಗೆ ತೊಡಿಸಬೇಕು. ಅಂಗಡಿಯವಳು ಒಂದು ರೇನ್‌ಕೋಟು ತೋರಿಸಿ, "ಇದು ಮಳೆ ಒಳಗೆ ಬಿಡಲ್ಲ, ಬೆವರು ಹೊರಗೆ ಬಿಡುತ್ತೆ" ಅಂದಳು. ಯಾವುದು ಮಳೆ, ಯಾವುದು ಬೆವರು ಅಂತ ಅದಕ್ಕೆ ಹೇಗಮ್ಮ ಗೊತ್ತಾಗುತ್ತೆ ಅಂದೆ. ಅವಳು ನಕ್ಕುಬಿಟ್ಟಳು.

ನಿಮ್ಮಮ್ಮನ ಕೆಂಪು ರೇನ್‌ಕೋಟು ಇನ್ನೂ ಬಾಗಿಲ ಹಿಂದೆಯೇ ನೇತಾಡುತ್ತಿದೆ. ಹಗುರವಾಗಿದೆ, ನನಗೂ ಆಗುತ್ತೆ. ಅದನ್ನೇ ಹಾಕಿಕೊಂಡು ಬರಲೇ? ಬೇಡ ಅನಿಸಿದರೆ ಸಂಕೋಚಪಡದೆ ಬರೆ. ಹಾಕಿಕೊಂಡರೆ ದಾರಿಯುದ್ದಕ್ಕೂ ನಿನ್ನ ಹಿಂದೆಯೇ ಇರುತ್ತೇನೆ. ಮುಂದೆ ನಡೆದರೆ ನಿನಗೆ ಅವಳೇ ಕಾಣಿಸಿಬಿಟ್ಟಾಳು.

ಉತ್ತರ ಬರುವ ತನಕ ಏನನ್ನೂ ಒಗೆಯದ,
ಅಪ್ಪ